ಈ ಗದ್ದೆ ಯಾವ ಊರಿನದು? ಈ ಚಿತ್ರ ಯಾರದು?

ಕ್ಯಾಲೆಂಡರ್ ಅಚ್ಚಾಗಿ ಬಂದ ದಿನ ಸಂಜೆ ಒಂದು ಪ್ರತಿಯನ್ನು ಸುರುಳಿ ಸುತ್ತಿಕೊಂಡು ಸಿಂಧನೂರಿನಲ್ಲಿ ತುರ್ವಿಹಾಳದ ಬಸ್ ಹತ್ತಿದ್ದೆ. ಮನೆಗೆ ಬಂದವನೇ ಕಾಕಾನ ಮುಂದೆ ಬಿಚ್ಚಿ ಹಿಡಿದೆ. ಅದು ನಾನು ವಿನ್ಯಾಸ ಮಾಡಿದ ಮೊದಲ ಕ್ಯಾಲೆಂಡರ್. ಬೀಜ-ಗೊಬ್ಬರದ ಅಂಗಡಿಯವರೊಬ್ಬರು ಸಾವಿರ ಪ್ರತಿ ಮಾಡಿಸಿದ್ದರು. ಮೇಲೆ ಕಣ್ಣು ತುಂಬುವಂಥ ಹಸಿರು ಗದ್ದೆ, ಕೆಳಗೆ ದಪ್ಪ ಅಕ್ಷರದಲ್ಲಿ ‘ನಮ್ಮ ಮಣ್ಣು, ನಮ್ಮ ನೆಲ್ಲು’.

ಕಾಕಾ ಕನ್ನಡಕ ಏರಿಸಿಕೊಂಡು ನೋಡಿದರು. ಓದು ಕಲಿತವರಲ್ಲ, ಆದರೆ ಐವತ್ತು ವರ್ಷ ಹೊಲ ನೋಡಿದ ಕಣ್ಣು.

‘ಚಂದ ಐತಿ. ಆದ್ರ ಯಾವೂರ ಗದ್ದಿ ಇದು?’

‘ನಮ್ದ ಕಾಕಾ, ಎಡದಂಡೆ ಕಾಲುವಿ ಕಡೇದು’ ಅಂದೆ.

ಅವರು ಚಿತ್ರದ ಮೂಲೆಯಲ್ಲಿ ಬೆರಳಿಟ್ಟರು. ಅಲ್ಲಿ ಕಡ್ಡಿಯಷ್ಟು ಸಣ್ಣದಾಗಿ ಇಬ್ಬರು ಬಗ್ಗಿ ನಾಟಿ ಮಾಡುತ್ತಿದ್ದರು. ತಲೆಯ ಮೇಲೆ ಬುಟ್ಟಿ ಬೋರಲು ಹಾಕಿದಂತೆ ಚೂಪಾದ ಅಗಲ ಟೋಪಿ.

‘ಇಂಥಾ ಟೊಪಿಗಿ ಹಾಕ್ಕೊಂಡು ನೆಲ್ಲು ಹಚ್ಚೋರನ್ನ ನಮ್ಮ ಸೀಮ್ಯಾಗ ಎಂದರ ಕಂಡೀಯೇನಲೇ ತಮ್ಮಾ?’

ನನಗೆ ಉತ್ತರ ಹೊಳೆಯಲಿಲ್ಲ. ನಮ್ಮಲ್ಲಿ ನಾಟಿಗೆ ಇಳಿಯುವ ಗಂಡಸರ ತಲೆಗೆ ಟವೆಲ್ಲು, ಹೆಣ್ಣುಮಕ್ಕಳ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ. ಚಿಕ್ಕಂದಿನಿಂದ ನೋಡಿದ್ದು ಅದೇ. ಅದನ್ನು ನೋಡಿದ ನಾನೇ ಆ ಚಿತ್ರವನ್ನು ದಿನವಿಡೀ ಕಂಪ್ಯೂಟರ್ ಪರದೆಯಲ್ಲಿ ದೊಡ್ಡದು-ಚಿಕ್ಕದು ಮಾಡಿದ್ದೆ. ಟೋಪಿ ಮಾತ್ರ ಕಂಡಿರಲಿಲ್ಲ.

ರಾತ್ರಿ ಮೊಬೈಲ್‌ನಲ್ಲಿ ಹುಡುಕಿದೆ. ಆ ಗದ್ದೆ ಇಂಡೊನೇಷ್ಯಾದ ಬಾಲಿ ದ್ವೀಪದ್ದು. ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆ ಚಿತ್ರ ಹಣ ಕೊಟ್ಟು ಕೊಳ್ಳಬೇಕಾದ ಸ್ಟಾಕ್ ತಾಣವೊಂದರದ್ದು. ಅದರ ಕೆಳಗೆ ‘ಸುದ್ದಿ ಮತ್ತು ಲೇಖನಗಳ ಬಳಕೆಗೆ ಮಾತ್ರ’ ಎಂಬ ಷರತ್ತೂ ಇತ್ತು. ನಾನು ಅದನ್ನು ತೆಗೆದುಕೊಂಡದ್ದು ಯಾರೋ ವಾಲ್‌ಪೇಪರ್ ಎಂದು ಹಾಕಿದ್ದ ಪುಟದಿಂದ. ಅಲ್ಲಿ ‘ಕರ್ನಾಟಕ, ಭತ್ತ, ಭಾರತ’ ಎಂದು ಬರೆದಿತ್ತು. ಅಂದರೆ ಊರೂ ತಪ್ಪು, ಹಕ್ಕೂ ತಪ್ಪು. ‘ನಮ್ಮ ಮಣ್ಣು’ ಎಂಬ ಎರಡು ಶಬ್ದವಂತೂ ಪೂರ್ತಿ ಸುಳ್ಳು.

ಬೆಳಿಗ್ಗೆ ಡಿಟಿಪಿ ಅಂಗಡಿಯ ಮಾಲೀಕರಿಗೆ ನಾನೇ ಹೇಳಿದೆ. ಸಾವಿರ ಹಾಳೆ ರದ್ದಿಗೆ ಹೋದವು. ಹೊಸದಾಗಿ ಅಚ್ಚು ಹಾಕಿಸಿದ ಖರ್ಚಿನಲ್ಲಿ ಅರ್ಧ ನನ್ನ ಸಂಬಳದಿಂದ ಕಡಿತವಾಯಿತು. ಧಾರವಾಡದಲ್ಲಿ ಎರಡು ವರ್ಷ ಸ್ಪರ್ಧಾತ್ಮಕ ಪರೀಕ್ಷೆಗೆ ಓದಿ, ಕೈಗೆ ಹುದ್ದೆ ಸಿಗದೆ ಊರಿಗೆ ಮರಳಿ ಹಿಡಿದ ಮೊದಲ ಕೆಲಸ ಅದು. ಆ ಕಡಿತ ನನಗೆ ಸಣ್ಣದೇನಲ್ಲ. ಆದರೆ ಅದರಿಂದ ಕಲಿತದ್ದು ಯಾವ ಕೋಚಿಂಗ್‌ನಲ್ಲೂ ಸಿಕ್ಕಿರಲಿಲ್ಲ. ಪೋಸ್ಟರ್, ಯೂಟ್ಯೂಬ್ ಥಂಬ್‌ನೇಲ್, ಕಾಲೇಜಿನ ಸಂಚಿಕೆ, ಜಾಹೀರಾತು, ಸುದ್ದಿತಾಣ ಹೀಗೆ ಎಲ್ಲೇ ಕೆಲಸ ಹುಡುಕುವವರಿಗೂ ಇದು ಬೇಕಾಗುತ್ತದೆ ಎಂದು ಬರೆಯುತ್ತಿದ್ದೇನೆ.

ದೊಡ್ಡವರೂ ಎಡವಿದ್ದಾರೆ

ಎಡವಿದ್ದು ನಾನೊಬ್ಬನೇ ಅಲ್ಲ ಎಂದು ತಿಳಿದಾಗ ಸ್ವಲ್ಪ ಸಮಾಧಾನವಾಯಿತು, ಜೊತೆಗೆ ಗಾಬರಿಯೂ ಆಯಿತು. ಕೇಂದ್ರ ಗೃಹ ಸಚಿವಾಲಯದ 2016-17ರ ವಾರ್ಷಿಕ ವರದಿಯಲ್ಲಿ ನಮ್ಮ ಗಡಿಗೆ ದೀಪ ಹಾಕಿರುವುದನ್ನು ತೋರಿಸಲು ಒಂದು ಚಿತ್ರ ಅಚ್ಚಾಗಿತ್ತು. ಅದು ಸ್ಪೇನ್ ಮತ್ತು ಮೊರಾಕ್ಕೊ ನಡುವಿನ ಬೇಲಿ! ಸ್ಪೇನಿನ ಛಾಯಾಗ್ರಾಹಕರೊಬ್ಬರು 2006ರಲ್ಲಿ ತೆಗೆದದ್ದು. 2017ರ ಜೂನ್‌ನಲ್ಲಿ ಆಲ್ಟ್‌ನ್ಯೂಸ್ ತಾಣ ಅದನ್ನು ಬಯಲಿಗೆ ತಂದಿತು.

2021ರ ಸೆಪ್ಟೆಂಬರ್‌ನಲ್ಲಿ ಉತ್ತರ ಪ್ರದೇಶ ಸರ್ಕಾರದ ಪೂರ್ಣಪುಟದ ಜಾಹೀರಾತು ಪತ್ರಿಕೆಯೊಂದರಲ್ಲಿ ಬಂತು. ಅಭಿವೃದ್ಧಿಯ ಗುರುತಾಗಿ ಹಾಕಿದ್ದ ಮೇಲ್ಸೇತುವೆ ಕೋಲ್ಕತ್ತದ್ದು. ಜನ ಅದನ್ನು ಹೇಗೆ ಹಿಡಿದರು ಗೊತ್ತೇ? ಸೇತುವೆಯ ಮೇಲೆ ಹಳದಿ ಟ್ಯಾಕ್ಸಿ ಓಡುತ್ತಿತ್ತು. ಕೋಲ್ಕತ್ತವನ್ನು ಬಲ್ಲವರಿಗೆ ಅಷ್ಟು ಸಾಕು. ಚಿತ್ರ ಹಾಕಿದ್ದು ತಮ್ಮ ಮಾರುಕಟ್ಟೆ ವಿಭಾಗದ ತಪ್ಪು ಎಂದು ಪತ್ರಿಕೆ ವಿಷಾದ ಸೂಚಿಸಿತು.

ನಮ್ಮ ಕಾಕಾಗೆ ಟೋಪಿ ಕಂಡಂತೆ ಅವರಿಗೆ ಟ್ಯಾಕ್ಸಿ ಕಂಡಿತು. ಇಲ್ಲಿ ಕಲಿಯಬೇಕಾದ ಮಾತೊಂದಿದೆ. ಚಿತ್ರ ಆರಿಸುವವನು ನೋಡುವುದು ನಡುವಿನ ಅಂದವನ್ನು. ಊರನ್ನು ಹೇಳುವುದು ಮೂಲೆಯಲ್ಲಿರುವ ಸಣ್ಣ ವಸ್ತು.

ಇದು ಬರೀ ಮುಜುಗರದ ಪ್ರಶ್ನೆಯೂ ಅಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದದ್ದು ನಿಮಗೆ ನೆನಪಿರಬಹುದು. 33 ಗೇಟ್‌ಗಳ ಪೈಕಿ ಒಂದು ಹೋದರೂ ನಮ್ಮ ಕಡೆಯ ಊರುಗಳಲ್ಲಿ ಯಾರೂ ನೆಮ್ಮದಿಯಿಂದ ಮಲಗಲಿಲ್ಲ. ನದಿ ದಂಡೆಯವರಿಗೆ ನೀರು ನುಗ್ಗುವ ಭಯ, ಕಾಲುವೆ ನಂಬಿದವರಿಗೆ ನೀರು ಖಾಲಿಯಾಗುವ ಭಯ. ಅಂಥ ಹೊತ್ತಿನಲ್ಲಿ ಬೇರೆ ಯಾವುದೋ ಅಣೆಕಟ್ಟೆಯ ಚಿತ್ರವನ್ನು ‘ಇದೀಗ ಬಂದದ್ದು’ ಎಂದು ಯಾರಾದರೂ ಹಾಕಿದರೆ ಏನಾದೀತು, ನೀವೇ ಯೋಚಿಸಿ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಊರು ಹುಡುಕುವುದು ಹೇಗೆ?

ಮೊದಲು ಒಂದು ಸತ್ಯ ತಿಳಿದಿರಲಿ. ಸ್ಟಾಕ್ ತಾಣಗಳಲ್ಲಿ ಚಿತ್ರದ ಹೆಸರು, ಊರು, ಗುರುತುಪದಗಳನ್ನು ಬರೆಯುವುದು ಸಾಮಾನ್ಯವಾಗಿ ಚಿತ್ರ ಏರಿಸಿದವರೇ. ಹೆಚ್ಚು ಜನರಿಗೆ ಕಾಣಲಿ ಎಂದು ಹತ್ತಾರು ಪದ ತುಂಬುವುದು ರೂಢಿ. ಆದ್ದರಿಂದ ‘ಕರ್ನಾಟಕ’ ಎಂಬ ಪದ ಸಿಕ್ಕಿತೆಂದರೆ ಅದು ಸುಳಿವು ಮಾತ್ರ, ಸಾಕ್ಷಿಯಲ್ಲ.

ಎರಡನೆಯದು, ಚಿತ್ರವನ್ನೇ ಕೊಟ್ಟು ಹುಡುಕುವುದು. ಗೂಗಲ್ ಲೆನ್ಸ್ ನಿಮ್ಮ ಮೊಬೈಲ್‌ನಲ್ಲೇ ಇರುತ್ತದೆ. ಟಿನ್‌ಐ ಎಂಬ ತಾಣದಲ್ಲಿ ಸಿಕ್ಕ ಫಲಿತಾಂಶಗಳನ್ನು ಹಳೆಯದರಿಂದ ಹೊಸದಕ್ಕೆ ಜೋಡಿಸಿ ನೋಡಬಹುದು. ಎಲ್ಲಕ್ಕಿಂತ ಹಳೆಯದೇ ಮೂಲ ಎಂದೇನಿಲ್ಲ, ಆದರೆ ಅದು ಮೂಲಕ್ಕೆ ಹತ್ತಿರ ಕರೆದೊಯ್ಯುತ್ತದೆ. ಛಾಯಾಗ್ರಾಹಕರ ಸ್ವಂತ ಪುಟ ಸಿಕ್ಕರೆ ಅವರು ಅದೇ ದಿನ ತೆಗೆದ ಇತರ ಚಿತ್ರಗಳನ್ನೂ ನೋಡಿ. ನನ್ನ ‘ಎಡದಂಡೆ ಗದ್ದೆ’ಯ ಹಿಂದಿನ ಚಿತ್ರ ಕಡಲ ತೀರದ್ದಾಗಿತ್ತು, ಮುಂದಿನದು ಬಾಲಿಯ ದೇವಸ್ಥಾನದ್ದು. ಒಂದೇ ನಿಮಿಷದಲ್ಲಿ ನಾನು ಸಿಕ್ಕಿಬಿದ್ದಿದ್ದೆ.

ಮೂರನೆಯದು, ಚಿತ್ರದ ಮೂಲೆಗಳನ್ನು ಓದುವುದು. ಅಂಗಡಿ ಬೋರ್ಡಿನ ಅಕ್ಷರ ಕನ್ನಡವೋ ತೆಲುಗೋ? ನಮ್ಮ ರಾಯಚೂರು ಗಡಿ ಜಿಲ್ಲೆ. ಹೊರಗಿನವರಿಗೆ ಎರಡೂ ಒಂದೇ ಥರ ಕಾಣುತ್ತವೆ, ನಮಗೆ ಕಾಣಬಾರದು. ವಾಹನದ ನಂಬರ್ ಪ್ಲೇಟ್ ‘ಕೆಎ 36’ ಇದ್ದರೆ ಅದು ರಾಯಚೂರಿನಲ್ಲಿ ನೋಂದಾಯಿಸಿದ್ದು. ಗಾಡಿ ಎಲ್ಲಿಗೆ ಬೇಕಾದರೂ ಹೋಗಬಹುದು, ಆದರೂ ಮೂರ್ನಾಲ್ಕು ಗಾಡಿ ಒಂದೇ ಸಂಖ್ಯೆ ತೋರಿಸಿದರೆ ನಂಬಿಕೆ ಹೆಚ್ಚುತ್ತದೆ. ರಸ್ತೆ ಬದಿಯ ಮೈಲುಗಲ್ಲಿನ ನೆತ್ತಿ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾಗಿದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆಯಾಗಿದ್ದರೆ ಹಳ್ಳಿಯ ರಸ್ತೆ. ಅಕ್ಷರ ತಿರುಗುಮುರುಗಾಗಿ ಕಂಡರೆ ಚಿತ್ರವನ್ನೇ ಕನ್ನಡಿಯಂತೆ ಮಗುಚಲಾಗಿದೆ ಎಂದರ್ಥ. ಬೆಳೆ, ಮಣ್ಣಿನ ಬಣ್ಣ, ಗುಡ್ಡದ ಆಕಾರ, ಉಡುಗೆ, ಇವೆಲ್ಲ ಮಾತಾಡುತ್ತವೆ. ಕೇಳುವ ವ್ಯವಧಾನ ನಮಗಿರಬೇಕು.

ನಾಲ್ಕನೆಯದು, ಕಡತದ ಒಳಗಿನ ಮಾಹಿತಿ. ಮೊಬೈಲ್‌ನಲ್ಲಿ ಲೊಕೇಶನ್ ಚಾಲೂ ಇದ್ದು ತೆಗೆದ ಫೋಟೊದಲ್ಲಿ ಸ್ಥಳ ಮತ್ತು ಸಮಯ ದಾಖಲಾಗಿರುತ್ತದೆ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಅಳಿಸಿಹೋಗುತ್ತದೆ. ಗೆಳೆಯರಿಂದ ಚಿತ್ರ ತರಿಸಿಕೊಳ್ಳುವಾಗ ‘ಡಾಕ್ಯುಮೆಂಟ್ ಆಗಿ ಕಳಿಸು’ ಎಂದು ಹೇಳುವುದನ್ನು ನಾನೀಗ ರೂಢಿ ಮಾಡಿಕೊಂಡಿದ್ದೇನೆ.

ಐದನೆಯದೂ ಎಲ್ಲಕ್ಕಿಂತ ಸುಲಭದ್ದೂ ಎಂದರೆ, ಆ ಊರು ಬಲ್ಲವರನ್ನು ಕೇಳುವುದು. ನಾನು ಅಚ್ಚಿಗೆ ಕಳಿಸುವ ಮೊದಲು ಕಾಕಾಗೆ ತೋರಿಸಿದ್ದರೆ ಒಂದು ರೂಪಾಯಿಯೂ ಹೋಗುತ್ತಿರಲಿಲ್ಲ.

ಈಚೆಗೆ ಇನ್ನೊಂದು ತೊಡಕು ಸೇರಿಕೊಂಡಿದೆ. ಎಐ ರಚಿಸಿದ ಚಿತ್ರಗಳು. 2022ರಲ್ಲಿ ಗೆಟ್ಟಿ ಇಮೇಜಸ್ ಅಂಥ ಚಿತ್ರಗಳನ್ನು ತನ್ನಲ್ಲಿ ಏರಿಸದಂತೆ ನಿಷೇಧಿಸಿತು. ಅಡೋಬಿ ಸ್ಟಾಕ್ ‘ಎಐ ರಚಿತ’ ಎಂಬ ಗುರುತು ಹಾಕಬೇಕೆಂಬ ಷರತ್ತಿನೊಂದಿಗೆ ಒಪ್ಪಿಕೊಂಡಿತು. ಆ ಗುರುತನ್ನು ನೋಡದೆ ‘ರಾಯಚೂರಿನ ರೈತ’ ಎಂದು ಹಾಕಿಬಿಟ್ಟರೆ ಆ ರೈತನೂ ಇಲ್ಲ, ಆ ಹೊಲವೂ ಇಲ್ಲ. ಎಐ ಚಿತ್ರಕ್ಕೆ ಊರೇ ಇರುವುದಿಲ್ಲ.

ಕಲ್ಲು ಹೇಳಿದ ವಿಳಾಸ

ಗುರುತಿಸುವ ಈ ವಿದ್ಯೆ ಹೊಸದಲ್ಲ. ಅದರ ಎರಡು ಒಳ್ಳೆಯ ಪಾಠಗಳು ನಮ್ಮ ಸುತ್ತಮುತ್ತಲೇ ಇವೆ.

ನಮ್ಮ ಪಕ್ಕದ ಮಸ್ಕಿಯನ್ನೇ ತೆಗೆದುಕೊಳ್ಳಿ. ಆಗಿನ ತನಕ ದೇಶದ ಬೇರೆ ಬೇರೆ ಕಡೆ ಸಿಕ್ಕಿದ್ದ ಬಂಡೆ, ಕಂಬಗಳ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿದ್ದವು, ರಾಜನ ಹೆಸರಿರಲಿಲ್ಲ. ಅದು ಅಶೋಕನೇ ಎಂದು ವಿದ್ವಾಂಸರು ಬೇರೆ ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಬಂಡೆಯ ಮೇಲಿನ ಬ್ರಾಹ್ಮಿ ಬರಹವನ್ನು ಪತ್ತೆ ಮಾಡಿದರು. ಅದರಲ್ಲಿ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರೂ ಇತ್ತು. ಊಹೆ ಆ ದಿನ ಪುರಾವೆಯಾಯಿತು. ಒಂದು ಸರಿಯಾದ ಹೆಸರಿಗೆ ಎಷ್ಟು ಬೆಲೆ ಎಂಬುದನ್ನು ಮಸ್ಕಿಯ ಬಂಡೆಗಿಂತ ಚೆನ್ನಾಗಿ ಹೇಳುವವರು ಯಾರು?

ಇನ್ನೊಂದು ಹಂಪಿಯದು. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ 1856ರಲ್ಲಿ ಹಂಪಿಯ ಅವಶೇಷಗಳನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದಿದ್ದರು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೊಲಿಂಗ್ಸ್ ಆ ಚಿತ್ರಗಳನ್ನು ಹಿಡಿದು, ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ, ಅದೇ ಕೋನದಿಂದ ಮತ್ತೆ ತೆಗೆದರು. ಸುಮಾರು 130 ವರ್ಷ ಕಳೆದಿದ್ದರೂ ಬಂಡೆಗಳು ಕದಲಿರಲಿಲ್ಲ. ಆ ಹಳೆಯ ಚಿತ್ರದಲ್ಲಿ ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರವಿದೆ. ಈಗ ಅದಿಲ್ಲ. ಹಾಗಾಗಿ ಗೋಪುರವಿರುವ ರಥದ ಫೋಟೊ ಎಲ್ಲಿ ಸಿಕ್ಕರೂ ಅದು ಹಳೆಯ ಕಾಲದ್ದೆಂದು ಕಣ್ಣಿಟ್ಟ ಕೂಡಲೇ ಹೇಳಬಹುದು. 50 ರೂಪಾಯಿ ನೋಟಿನ ಹಿಂಬದಿ ತಿರುಗಿಸಿ. ಅಲ್ಲಿರುವುದು ಗೋಪುರವಿಲ್ಲದ ಇಂದಿನ ರಥ.

‘ಕೃಪೆ: ಗೂಗಲ್’ ಎಂಬ ಮಾತಿಗೆ ಅರ್ಥವಿಲ್ಲ

ಊರು ಸಿಕ್ಕಿತು ಎನ್ನೋಣ. ಚಿತ್ರ ಯಾರದು? ನಮ್ಮಲ್ಲಿ ಬಹಳ ಜನ ಕೆಳಗೆ ‘ಕೃಪೆ: ಗೂಗಲ್’ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಗೂಗಲ್ ಚಿತ್ರ ತೋರಿಸುತ್ತದೆ, ಅದು ಚಿತ್ರದ ಒಡೆಯನಲ್ಲ. ಊರಿಗೆ ದಾರಿ ತೋರಿಸಿದವನಿಗೆ ಮನೆ ಬಾಡಿಗೆ ಕೊಟ್ಟಂತಾಗುತ್ತದೆ.

1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೊದ ಕರ್ತೃ ಅದನ್ನು ತೆಗೆದವರು. ನೋಂದಣಿ ಮಾಡಿಸಬೇಕಿಲ್ಲ, ಚಿತ್ರದ ಮೇಲೆ ಹೆಸರು ಹಾಕಿರಬೇಕೆಂದೂ ಇಲ್ಲ. ತೆಗೆದ ಕ್ಷಣದಿಂದ ಹಕ್ಕು ಹುಟ್ಟುತ್ತದೆ. 2012ರ ತಿದ್ದುಪಡಿಯ ನಂತರ ಫೋಟೊಗೂ ಕಥೆ, ಕವಿತೆಗಳಂತೆ ಕರ್ತೃವಿನ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ರಕ್ಷಣೆ ಇದೆ. ಬೇರೆ ಒಪ್ಪಂದವಿಲ್ಲದಿದ್ದರೆ ಹಣ ಕೊಟ್ಟು ತೆಗೆಸಿದ ಫೋಟೊದ ಹಕ್ಕು ತೆಗೆಸಿದವರದ್ದು, ನೌಕರಿಯ ಭಾಗವಾಗಿ ತೆಗೆದದ್ದು ಮಾಲೀಕರದ್ದು. ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದರೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಎಂದು 63ನೇ ಕಲಂ ಹೇಳುತ್ತದೆ.

ಹೆದರಬೇಡಿ, ಕಾಯ್ದೆ ಬಾಗಿಲನ್ನೆಲ್ಲ ಮುಚ್ಚಿಲ್ಲ. ಸ್ವಂತ ಅಧ್ಯಯನ, ಸಂಶೋಧನೆ, ವಿಮರ್ಶೆ, ಪ್ರಚಲಿತ ವಿದ್ಯಮಾನಗಳ ವರದಿ ಇವುಗಳಿಗೆ ನ್ಯಾಯಯುತ ಬಳಕೆಯ ಅವಕಾಶವಿದೆ. ತರಗತಿಯ ಪಾಠಕ್ಕೂ ಇದೆ. ಆದರೆ ನಿಮ್ಮ ಸೆಮಿನಾರ್‌ಗೆ ಸಲ್ಲುವ ಚಿತ್ರ ಗೊಬ್ಬರದ ಅಂಗಡಿಯ ಕ್ಯಾಲೆಂಡರ್‌ಗೆ ಸಲ್ಲುವುದಿಲ್ಲ.

ಇನ್ನೊಂದು ಗೊಂದಲ ಬಗೆಹರಿಸಿಕೊಳ್ಳಿ. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಕೋಟೆ ಎಲ್ಲರದ್ದು. ಆದರೆ ಬೇರೆಯವರು ಬಿಸಿಲಲ್ಲಿ ಕಾದು ತೆಗೆದ ಮುದಗಲ್ ಕೋಟೆಯ ಫೋಟೊ ಎಲ್ಲರದ್ದಲ್ಲ. ವೃತ್ತದಲ್ಲಿ ಶಾಶ್ವತವಾಗಿ ನಿಲ್ಲಿಸಿದ ಪ್ರತಿಮೆಯ ಫೋಟೊವನ್ನು ನೀವು ತೆಗೆದು ಪ್ರಕಟಿಸಲು ಕಾಯ್ದೆ ಅಡ್ಡಿ ಮಾಡುವುದಿಲ್ಲ. ಇನ್ನೊಬ್ಬರು ತೆಗೆದದ್ದನ್ನು ಎತ್ತಿಕೊಳ್ಳಲು ಮಾತ್ರ ಬಿಡುವುದಿಲ್ಲ.

‘ಫ್ರೀ’ ಎಂದರೆ ಏನು?

ಸ್ಟಾಕ್ ತಾಣದಲ್ಲಿ ‘ರಾಯಲ್ಟಿ ಫ್ರೀ’ ಎಂದು ಕಂಡರೆ ಅದು ಪುಕ್ಕಟೆ ಎಂದಲ್ಲ. ಒಮ್ಮೆ ಹಣ ಕೊಟ್ಟರೆ ಬಳಸಿದಾಗಲೆಲ್ಲ ಮತ್ತೆ ಕೊಡಬೇಕಿಲ್ಲ ಎಂದಷ್ಟೇ ಅರ್ಥ. ‘ಎಡಿಟೋರಿಯಲ್’ ಎಂದಿದ್ದರೆ ಸುದ್ದಿ, ಲೇಖನಗಳಿಗೆ ಮಾತ್ರ. ಸಾಮಾನ್ಯವಾಗಿ ಅದರಲ್ಲಿರುವ ವ್ಯಕ್ತಿಯ ಅಥವಾ ಜಾಗದ ಒಡೆಯರ ಒಪ್ಪಿಗೆಪತ್ರ ಇರುವುದಿಲ್ಲ. ಹೀಗಾಗಿ ಜಾಹೀರಾತಿಗೆ ಬಳಸುವಂತಿಲ್ಲ.

ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು 2002ರಿಂದ ಇವೆ. ಅವುಗಳ ಬಾಲದ ಅಕ್ಷರಗಳನ್ನು ಕಲಿತರೆ ಅರ್ಧ ಕೆಲಸ ಮುಗಿಯಿತು. ‘ಬಿವೈ’ ಎಂದರೆ ತೆಗೆದವರ ಹೆಸರು ಹಾಕಬೇಕು. ‘ಎಸ್ಎ’ ಎಂದರೆ ಚಿತ್ರವನ್ನು ಬದಲಿಸಿ ಹಂಚಿದರೆ ನೀವೂ ಅದೇ ಷರತ್ತಿನಲ್ಲಿ ಹಂಚಬೇಕು. ‘ಎನ್‌ಸಿ’ ಎಂದರೆ ವ್ಯಾಪಾರಕ್ಕೆ ಸಲ್ಲದು. ‘ಎನ್‌ಡಿ’ ಎಂದರೆ ಬದಲಿಸಿ ಹಂಚುವಂತಿಲ್ಲ. ‘ಸಿಸಿ ಝೀರೊ’ ಎಂದರೆ ತೆಗೆದವರು ತಮ್ಮ ಹಕ್ಕು ಬಿಟ್ಟುಕೊಟ್ಟಿದ್ದಾರೆ. 2004ರಲ್ಲಿ ಶುರುವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿ ಪ್ರತಿ ಚಿತ್ರದ ಕೆಳಗೂ ಪರವಾನಗಿ ಬರೆದಿರುತ್ತದೆ.

ಈ ಷರತ್ತುಗಳು ಬದಲಾಗುತ್ತವೆ ಎಂಬುದನ್ನೂ ಮರೆಯಬೇಡಿ. 2013ರಲ್ಲಿ ಆರಂಭವಾದ ಅನ್‌ಸ್ಪ್ಲ್ಯಾಷ್ ಮೊದಲು ಸಿಸಿ ಝೀರೊ ಬಳಸುತ್ತಿತ್ತು. 2017ರಲ್ಲಿ ತನ್ನದೇ ಪರವಾನಗಿಗೆ ಬದಲಾಯಿತು. 2021ರಲ್ಲಿ ಗೆಟ್ಟಿ ಇಮೇಜಸ್ ಅದನ್ನು ಕೊಂಡಿತು. ಆದ್ದರಿಂದ ಇಳಿಸಿಕೊಂಡ ದಿನದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳುವುದು ಲೇಸು.

ದಾಖಲೆ ಯಾಕೆ ಬೇಕು ಎನ್ನುವುದಕ್ಕೆ ಅಮೆರಿಕದ ಛಾಯಾಗ್ರಾಹಕಿ ಕ್ಯಾರಲ್ ಹೈಸ್ಮಿತ್ ಅವರ ಕಥೆ ಕೇಳಿ. ತಮ್ಮ ಸಾವಿರಾರು ಚಿತ್ರಗಳನ್ನು ಅವರು ಲೈಬ್ರರಿ ಆಫ್ ಕಾಂಗ್ರೆಸ್ ಮೂಲಕ ಜನರಿಗೆ ಬಿಟ್ಟುಕೊಟ್ಟಿದ್ದರು. ಒಂದು ದಿನ ಅವರಿಗೇ ಪತ್ರ ಬಂತು: ತಾವೇ ತೆಗೆದ ಚಿತ್ರವನ್ನು ಬಳಸಿದ್ದಕ್ಕೆ 120 ಡಾಲರ್ ಕಟ್ಟಬೇಕು! 2016ರಲ್ಲಿ ಅವರು ಗೆಟ್ಟಿ ಇಮೇಜಸ್ ವಿರುದ್ಧ ಕೋರ್ಟಿಗೆ ಹೋದರು. ಆದರೆ ಚಿತ್ರಗಳು ಸಾರ್ವಜನಿಕ ಸ್ವತ್ತಾಗಿದ್ದರಿಂದ ಕೃತಿಸ್ವಾಮ್ಯದ ವಾದ ನಿಲ್ಲಲಿಲ್ಲ. ತೆಗೆದವರಿಗೇ ಇಂಥ ಪತ್ರ ಬರುವುದಾದರೆ ಎತ್ತಿಕೊಂಡವರ ಪಾಡೇನು?

ಚಿತ್ರದೊಳಗಿನ ಮನುಷ್ಯ

ಊರು ಸರಿ, ಹಕ್ಕೂ ಸರಿ. ಇನ್ನೊಂದು ಉಳಿಯುತ್ತದೆ. ಚಿತ್ರದಲ್ಲಿರುವ ವ್ಯಕ್ತಿಯ ಒಪ್ಪಿಗೆ.

2022ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕದಲ್ಲಿ ಲಂಚದ ವಿರುದ್ಧದ ರಾಜಕೀಯ ಪೋಸ್ಟರ್ ಒಂದು ಎಲ್ಲೆಡೆ ಓಡಾಡಿತು. ಅದರಲ್ಲಿದ್ದ ಮುಖ ನಟ ಅಖಿಲ್ ಅಯ್ಯರ್ ಅವರದು. ಒಪ್ಪಿಗೆಯಿಲ್ಲದೆ ತಮ್ಮ ಮುಖ ಬಳಸಿದ್ದಾರೆ, ಈ ಪ್ರಚಾರಕ್ಕೂ ತಮಗೂ ಸಂಬಂಧವಿಲ್ಲ ಎಂದು ಅವರೇ ಹೇಳಬೇಕಾಯಿತು. ಅದಕ್ಕೂ ಮುಂಚೆ 2020ರ ಡಿಸೆಂಬರ್‌ನಲ್ಲಿ ಪಂಜಾಬಿನ ನಟ ಹರ್‌ಪ್ರೀತ್ ಸಿಂಗ್ ಅವರ ಚಿತ್ರವನ್ನು ಕೃಷಿ ಕಾನೂನಿನಿಂದ ಸಂತೋಷಗೊಂಡ ರೈತನೆಂದು ಒಂದು ಪ್ರಚಾರದಲ್ಲಿ ಹಾಕಿದ್ದರು. ಆ ಹೊತ್ತಿಗೆ ಅವರು ಅದೇ ಕಾನೂನುಗಳ ವಿರುದ್ಧ ದೆಹಲಿಯ ಸಿಂಘು ಗಡಿಯಲ್ಲಿ ಕೂತಿದ್ದರು. ಎರಡೂ ಕಡೆ ಪಕ್ಷ ಯಾವುದೆಂಬುದು ನಮ್ಮ ಮಾತಿಗೆ ಮುಖ್ಯವಲ್ಲ. ಮುಖಕ್ಕೆ ಬಾಯಿ ಕೊಟ್ಟವರು ಬೇರೆ, ಮುಖದ ಒಡೆಯ ಬೇರೆ; ಮುಖ್ಯವಾದದ್ದು ಅದು.

ಇದರ ಅರ್ಥ ನನಗೆ ಪೂರ್ತಿ ಆದದ್ದು ನಮ್ಮೂರ ಹೊಲದಲ್ಲಿ. ಕ್ಯಾಲೆಂಡರ್ ಮತ್ತೆ ಮಾಡಬೇಕಿತ್ತಲ್ಲ, ಈ ಸಲ ನಾನೇ ಮೊಬೈಲ್ ಹಿಡಿದು ಕಾಲುವೆ ದಾರಿಯಲ್ಲಿ ಹೋದೆ. ನಾಟಿ ನಡೆದಿತ್ತು. ಎಂಟು ಹತ್ತು ಹೆಣ್ಣುಮಕ್ಕಳು ಸಾಲಾಗಿ ಬಗ್ಗಿ ಹಚ್ಚುತ್ತಿದ್ದರು. ಬೆಳಕು ಚೆನ್ನಾಗಿತ್ತು. ಒಬ್ಬರು ತಲೆಯೆತ್ತಿ ನಕ್ಕರು. ಕ್ಯಾಲೆಂಡರ್‌ಗೆ ಹೇಳಿ ಮಾಡಿಸಿದಂಥ ನಗು.

‘ಅಕ್ಕಾ, ಒಂದು ಫೋಟೊ ತಗೀಲೇನು?’

‘ತಗಿ ತಮ್ಮಾ. ಆದ್ರ ಎಲ್ಲಿ ಹಾಕ್ತಿ ಹೇಳು ಮೊದಲ.’

ಅಂಗಡಿಯ ಹೆಸರು ಹೇಳಿದೆ. ಅವರ ನಗು ಇಳಿಯಿತು.

‘ಆ ಅಂಗಡ್ಯಾಗ ನಮ್ಮ ಮನ್ಯಾವ್ರದು ಸಾಲ ಐತಪಾ. ಅಂಥಾದ್ರಾಗ ಅವರ ಕ್ಯಾಲೆಂಡರಿನ್ಯಾಗ ನಾನು ನಕ್ಕೋಂತ ನಿಂತ್ರ ಹೆಂಗ? ನೋಡಿದ ಮಂದಿ ಏನಂದಾರು?’

ಮೊಬೈಲ್ ಕೆಳಗಿಳಿಸಿದೆ. ಕೇಳದೆ ತೆಗೆದಿದ್ದರೆ ಊರು ಸರಿ ಇರುತ್ತಿತ್ತು. ನಾನೇ ತೆಗೆದದ್ದಾದ್ದರಿಂದ ಹಕ್ಕಿನ ತಕರಾರೂ ಇರುತ್ತಿರಲಿಲ್ಲ. ಆದರೂ ಸಾವಿರ ಮನೆಯ ಗೋಡೆಯ ಮೇಲೆ ವರ್ಷವಿಡೀ ಒಂದು ಸುಳ್ಳು ತೂಗಾಡುತ್ತಿತ್ತು. ಉಚಿತ ಸ್ಟಾಕ್ ತಾಣಕ್ಕೆ ಏರಿಸಿದ್ದರಂತೂ ಆ ನಗು ನಾಳೆ ಯಾವ ದೇಶದ ಯಾವ ಜಾಹೀರಾತಿನಲ್ಲಿ ಕಾಣುತ್ತಿತ್ತೋ, ಅವರಿಗೂ ಗೊತ್ತಾಗುತ್ತಿರಲಿಲ್ಲ, ನನಗೂ. ಸ್ಟಾಕ್ ತಾಣಗಳು ‘ಮಾಡೆಲ್ ರಿಲೀಸ್’ ಎಂಬ ಒಪ್ಪಿಗೆಪತ್ರ ಕೇಳುವುದು ಇದಕ್ಕೇ. ಅದರ ಹಿಂದಿನ ಪ್ರಶ್ನೆ ಆ ಅಕ್ಕ ಕೇಳಿದ್ದೇ: ‘ಎಲ್ಲಿ ಹಾಕ್ತಿ?’

‘ಮುಖ ಕಾಣದಂಗ ತಗೀತೀನಿ, ಆದೀತೇನಕ್ಕಾ?’ ಎಂದು ಕೇಳಿದೆ. ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಪ್ಪಿದರು. ಬದುವಿನ ಮೇಲಿಂದ, ಹಿಂಬದಿಯಿಂದ ತೆಗೆದೆ. ಬಾಗಿದ ಬೆನ್ನುಗಳು, ತುಂಬುತೋಳಿನ ಅಂಗಿಗಳು, ಕೆಸರು ನೀರಿನಲ್ಲಿ ಮೋಡದ ನೆರಳು, ಆಚೆ ದಂಡೆಯಲ್ಲಿ ಒಂದು ಜಾಲಿ ಗಿಡ. ತೆಗೆದದ್ದನ್ನು ಅವರಿಗೆಲ್ಲ ತೋರಿಸಿದೆ.

ಬಳಸುವ ಮುನ್ನ

ನನ್ನ ಮೇಜಿನ ಎದುರು ಈಗ ಒಂದು ಚೀಟಿ ಅಂಟಿಸಿಕೊಂಡಿದ್ದೇನೆ. ಬೇಕಾದರೆ ನೀವೂ ಬರೆದುಕೊಳ್ಳಿ.

• ಚಿತ್ರವನ್ನೇ ಕೊಟ್ಟು ಹುಡುಕಿ, ಮೂಲ ಪುಟ ತಲುಪಿದೆನೇ?

• ಊರಿನ ಹೆಸರಿಗೆ ಚಿತ್ರದೊಳಗೇ ಕನಿಷ್ಠ ಎರಡು ಸಾಕ್ಷಿ ಇವೆಯೇ?

• ಆ ಕಡೆಯವರೊಬ್ಬರಿಗೆ ತೋರಿಸಿದೆನೇ?

• ತೆಗೆದವರ ಹೆಸರು, ಪರವಾನಗಿ, ಇಳಿಸಿಕೊಂಡ ದಿನಾಂಕ ಬರೆದಿಟ್ಟೆನೇ?

• ನನ್ನ ಬಳಕೆ ವ್ಯಾಪಾರದ್ದೇ? ಪರವಾನಗಿ ಅದಕ್ಕೆ ಒಪ್ಪುತ್ತದೆಯೇ?

• ಮುಖ ಇದ್ದರೆ, ಆ ಮುಖದವರು ಇದನ್ನು ನೋಡಿ ಏನಂದಾರು?

• ಯಾವುದಕ್ಕೂ ಉತ್ತರ ಸಿಗದಿದ್ದರೆ, ಸಾಂಕೇತಿಕ ಚಿತ್ರ ಎಂದಾದರೂ ಬರೆದೆನೇ?

ಕೊನೆಯ ಮಾತು ಊರಿನ ಪ್ರಶ್ನೆಗೆ ಮಾತ್ರ ಸಲ್ಲುತ್ತದೆ. ‘ಸಾಂಕೇತಿಕ ಚಿತ್ರ’ ಎಂದು ಬರೆದರೆ ಊರಿನ ಸುಳ್ಳು ತಪ್ಪುತ್ತದೆ, ಹಕ್ಕಿನ ಸಾಲ ತೀರುವುದಿಲ್ಲ.

ಹತ್ತು ನಿಮಿಷದ ಕೆಲಸ ಇದು. ಆದರೆ ಸಂದರ್ಶನದಲ್ಲಿ ‘ನಿನಗೆ ಏನು ಬರುತ್ತದೆ’ ಎಂದು ಕೇಳಿದಾಗ ಫೋಟೊಶಾಪ್ ಬರುತ್ತದೆ ಎನ್ನುವವರು ನೂರು ಮಂದಿ ಸಿಗುತ್ತಾರೆ. ‘ಬಳಸಿದ ಪ್ರತಿ ಚಿತ್ರದ ಲೆಕ್ಕ ಕೊಡುತ್ತೇನೆ’ ಎನ್ನುವವರು ಕಡಿಮೆ. ಡಿಟಿಪಿ ಅಂಗಡಿಯಲ್ಲಿ ಈಗ ಚಿತ್ರ ಅಂತಿಮ ಮಾಡುವ ಮೊದಲು ಮಾಲೀಕರು ನನ್ನನ್ನೇ ಕರೆಯುತ್ತಾರೆ. ಕಡಿತವಾದ ಸಂಬಳ ಹಾಗೆ ವಾಪಸ್ ಬರುತ್ತಿದೆ ಎಂದುಕೊಂಡಿದ್ದೇನೆ.

ಹೊಸ ಕ್ಯಾಲೆಂಡರ್ ಬಂದ ಸಂಜೆ ಮತ್ತೆ ಒಂದು ಪ್ರತಿ ಸುತ್ತಿಕೊಂಡು ಮನೆಗೆ ಬಂದೆ. ಏನೂ ಹೇಳದೆ ಕಾಕಾನ ಮುಂದೆ ಬಿಚ್ಚಿದೆ. ಅವರು ಕನ್ನಡಕ ಹಾಕಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಬೆರಳು ನೇರ ಜಾಲಿ ಗಿಡದ ಮೇಲೆ ಹೋಯಿತು.

‘ಇದು ಕಾಲುವಿ ತಿರುವಿನ ಹೊಲ ಅಲ್ಲೇನಲೇ?’

ಎದ್ದು ಹೋಗಿ ಮೊಳೆ, ಸುತ್ತಿಗೆ ತಂದರು.